ಭಾನುವಾರದ ಕೋಳಿ ಸಾರು, ಪಕ್ಕದ ಮೊಸರು ಬಜ್ಜಿ

ಭಾನುವಾರದ ಊಟವಾಗಿ ಒಂದೆರಡು ದಿನಕ್ಕೆ ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ನಾವು ಬೈಯುವುದು ಕೋಳಿ ಸಾರನ್ನೇ ಅಲ್ವಾ? ಆದರೆ ಚೆನ್ನಾಗಿ ಕುದಿದು, ತುಂಡುಗಳು ಒಳಗಿನವರೆಗೂ ಬೆಂದ ಸಾರಿನಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ನಂಥ ರೋಗಾಣುಗಳು ಬದುಕುವುದಿಲ್ಲ. ಅನುಮಾನ ಪಡಬೇಕಾದ್ದು ಪಕ್ಕದ ಮೊಸರು ಬಜ್ಜಿಯನ್ನು. ಕೋಳಿ ಕತ್ತರಿಸಿದ ಮಣೆಯ ಮೇಲೇ ಸೌತೆಕಾಯಿ ಹೆಚ್ಚಿದರೆ ರೋಗಾಣು ಬೆಂಕಿ ಕಾಣದೆ ನೇರ ತಟ್ಟೆಗೆ ಬರುತ್ತದೆ.

ಹಾಗಾಗಿ ಮೊದಲು ಕೆಲಸದ ಸರದಿ ಬದಲಿಸಿ. ಒಲೆಗೆ ಹೋಗದ್ದನ್ನೆಲ್ಲ ಮುಂಚೆಯೇ ಹೆಚ್ಚಿಕೊಳ್ಳಿ. ಬಜ್ಜಿಯ ಈರುಳ್ಳಿ, ಕೋಸಂಬರಿಯ ಸೌತೆಕಾಯಿ, ಮೇಲೆ ಉದುರಿಸುವ ಕೊತ್ತಂಬರಿ ಸೊಪ್ಪು ಎಲ್ಲ ಮುಗಿಸಿ, ಮುಚ್ಚಿ ದೂರ ಇಡಿ. ಮಾಂಸ, ಮೀನು ಕೊನೆಗೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಅರ್ಧ ತೊಂದರೆ ಇಲ್ಲೇ ತಪ್ಪುತ್ತದೆ.

ಅಂಗಡಿಯಿಂದ ತಂದ ಕೋಳಿಯನ್ನು ಕವರ್ ಸಮೇತ ಫ್ರಿಜ್‌ಗೆ ತಳ್ಳಬೇಡಿ. ನಾನು ಒಮ್ಮೆ ಹಾಗೇ ಮೇಲಿನ ಶೆಲ್ಫ್‌ನಲ್ಲಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಕವರ್‌ನ ಮೂಲೆಯಿಂದ ತಿಳಿಗೆಂಪು ನೀರು ಜಿನುಗಿ, ಕೆಳಗಿದ್ದ ಕೊತ್ತಂಬರಿ ಕಟ್ಟಿನ ಬುಡದಲ್ಲಿ ನಿಂತಿತ್ತು. ತೊಳೆದರಾಯ್ತು ಅಂತ ಒಂದು ಕ್ಷಣ ಅನ್ನಿಸಿತು, ನಿಜ. ಎಸೆದೆ. ಈಗ ಮುಚ್ಚಳ ಬಿಗಿಯಾಗುವ ಸ್ಟೀಲ್ ಡಬ್ಬಿ, ಅದೂ ಕೆಳಗಿನ ಶೆಲ್ಫ್‌ನಲ್ಲಿ. ಬೆಂದ ಅಡುಗೆ ಯಾವಾಗಲೂ ಅದರ ಮೇಲೆ.

ಇನ್ನು ಕೋಳಿ ತೊಳೆಯುವ ವಿಷಯ. ನಲ್ಲಿ ಕೆಳಗೆ ಹಿಡಿದು ತೊಳೆದರೆ ರೋಗಾಣು ಹೋಗುವುದಿಲ್ಲ. ಸಣ್ಣ ಹನಿಗಳಾಗಿ ಸಿಂಕ್, ಪಕ್ಕದ ಲೋಟ, ತೊಳೆದಿಟ್ಟ ತಟ್ಟೆಗಳ ಮೇಲೆಲ್ಲ ಹಾರುತ್ತದೆ. ಅರಿಶಿನ, ಉಪ್ಪು ಹಚ್ಚಿದರೂ ಸಾಯುವುದಿಲ್ಲ, ಸಾಯಿಸುವುದು ಬೆಂಕಿ ಮಾತ್ರ. ತೊಳೆಯದೇ ಇರುವುದೇ ಒಳ್ಳೆಯದು. ಮನಸ್ಸು ಒಪ್ಪದಿದ್ದರೆ ಪಾತ್ರೆಯಲ್ಲಿ ನೀರು ತುಂಬಿ, ತುಂಡುಗಳನ್ನು ಮೆಲ್ಲಗೆ ಅದ್ದಿ ತೆಗೆಯಿರಿ. ನೀರು ನಿಧಾನಕ್ಕೆ ಚೆಲ್ಲಿ, ಸಿಂಕನ್ನು ಸೋಪು ಹಾಕಿ ಉಜ್ಜಿ.

ಈಳಿಗೆ ಮಣೆ ಇರುವ ಮನೆಗಳಿಗೆ ಒಂದು ಮಾತು. ಮೀನು ಹೆಚ್ಚುವುದೂ ಅದರಲ್ಲೇ, ಕಾಯಿ ತುರಿಯುವುದೂ ಅದರ ತುದಿಯಲ್ಲೇ. ಆ ತುರಿ ಹಸಿಯಾಗೇ ಚಟ್ನಿಗೆ, ಕೋಸಂಬರಿಗೆ ಹೋಗುತ್ತದೆ. ಮೊದಲು ಕಾಯಿ ತುರಿದಿಟ್ಟುಕೊಳ್ಳಿ. ಮೀನು ಹೆಚ್ಚಿದ ಮೇಲೆ ಅಲಗು ಮಣೆಗೆ ಸೇರುವ ಸಂದಿಯನ್ನು ಬ್ರಷ್‌ನಿಂದ ಉಜ್ಜಿ. ಜಿಡ್ಡು ಕೂರುವುದು ಅಲ್ಲಿ. ಚಾಕು ಬಳಸುವವರು ಹಸಿ ಮಾಂಸಕ್ಕೇ ಅಂತ ಬೇರೆ ಮಣೆ ಇಟ್ಟುಕೊಳ್ಳಿ. ಗೀರುಗಳು ಆಳವಾದ ಮೇಲೆ ಆ ಮಣೆ ಎಷ್ಟು ತೊಳೆದರೂ ಕ್ಲೀನ್ ಆಗದು, ಬದಲಿಸಿ.

ಮಾಂಸ ಮುಟ್ಟಿದ ಕೈ ಎಲ್ಲೆಲ್ಲಿ ಹೋಗುತ್ತದೆ ಅಂತ ಒಂದು ದಿನ ಗಮನಿಸಿ. ಖಾರದ ಪುಡಿ ಡಬ್ಬಿ, ನಲ್ಲಿ, ಫೋನ್, ಮಸಿಬಟ್ಟೆ. ಮಸಾಲೆಯನ್ನು ಮೊದಲೇ ಬಟ್ಟಲಿಗೆ ಅಳೆದುಕೊಂಡರೆ ಡಬ್ಬಿ ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಕೈಯನ್ನು ಸೋಪಿನಿಂದ 20 ಸೆಕೆಂಡ್ ತೊಳೆಯಿರಿ. ಒಂದೇ ಬಟ್ಟೆಯಲ್ಲಿ ಕಟ್ಟೆ, ಕೈ, ತಟ್ಟೆ ಮೂರನ್ನೂ ಒರೆಸಬೇಡಿ. ಮೊಟ್ಟೆ ಒಡೆದ ಮೇಲೂ ಕೈ ತೊಳೆಯಬೇಕು.

ಕಬಾಬ್ ಮಾಡುವಾಗ ಮಸಾಲೆ ಹಚ್ಚಿಟ್ಟಿದ್ದ ತಟ್ಟೆಗೇ ಕರಿದದ್ದನ್ನು ತೆಗೆದುಹಾಕುವ ಅಭ್ಯಾಸ ತುಂಬಾ ಜನಕ್ಕಿದೆ. ಬೇರೆ ತಟ್ಟೆ ತೆಗೆದುಕೊಳ್ಳಿ, ಜಾಲರಿ ಸೌಟೂ ಬೇರೆ. ಉಳಿದ ಹಸಿ ಮಸಾಲೆಯನ್ನು ಗ್ರೇವಿಗೆ ಹಾಕುವುದಾದರೆ ಚೆನ್ನಾಗಿ ಕುದಿಸಿ.

ಉಳಿದ ಸಾರು, ಅನ್ನವನ್ನು 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಒಳಗೆ 5 ಡಿಗ್ರಿಗಿಂತ ಕಡಿಮೆ ಇರಲಿ. ದೊಡ್ಡ ಪಾತ್ರೆಯಲ್ಲಿದ್ದರೆ ಬೇಗ ಆರುವುದಿಲ್ಲ, ಎರಡು ಅಗಲದ ಡಬ್ಬಿಗೆ ಹಂಚಿ ಮುಚ್ಚಿ. ಮತ್ತೆ ಬಿಸಿ ಮಾಡುವಾಗ ಬೇಕಾದಷ್ಟನ್ನೇ ತೊಳೆದ ಸೌಟಿನಲ್ಲಿ ತೆಗೆದು, ಹಬೆಯಾಡುವಷ್ಟು ಕಾಯಿಸಿ.