ನನ್ನ ಅನುಭವ: ಹೋಟೆಲಿನ ಹೊಸ ಯಂತ್ರಗಳೂ ಕೆಲಸಗಾರರ ಸ್ವಭಾವವೂ

ಮುಂಬಯಿಯ ಮುಲುಂಡಿನ ನಮ್ಮ ಹೋಟೆಲಿನಲ್ಲಿ ಟ್ಯಾಬ್ಲೆಟ್ಟಿನಲ್ಲಿ ಆರ್ಡರ್ ತೆಗೆದುಕೊಳ್ಳುವ ಪದ್ಧತಿ ಸುಮಾರು ಎರಡು ವರ್ಷಗಳಿಂದ ತಡೆಯಿಲ್ಲದೆ ನಡೆಯುತ್ತಿದೆ. ಉಡುಪಿ ಹೋಟೆಲಿನ ಓಟಕ್ಕೆ ಅದು ಹೊಂದುವುದಿಲ್ಲವೆಂದು ಈ ವ್ಯವಹಾರದಲ್ಲೇ ಕೂದಲು ನರೆಸಿಕೊಂಡ ನಮ್ಮ ಬಂಧುಗಳು ಹೇಳಿದ್ದರು; 2018ರಲ್ಲಿ ನಾನು ಸೋತಾಗ ಅವರ ಮಾತೇ ನಿಜವೆಂದು ಕಂಡಿತ್ತು. ಎರಡನೆಯ ಸಲ ಯಾರ ಕೈಗೆ ಯಾವ ಯಂತ್ರ ಕೊಡಬೇಕೆಂಬುದನ್ನು ಅವರವರ ಸ್ವಭಾವ ನೋಡಿ ನಿರ್ಧರಿಸಿದೆ. ಅದೇ ಹಳೆಯ ತಂತ್ರಾಂಶ ಆಗ ನೆಟ್ಟಗೆ ನಡೆಯಿತು.

ಮೊದಲ ಸೋಲಿನ ಲೆಕ್ಕ ಹೇಳಿಬಿಡುತ್ತೇನೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಎಲ್ಲರಂತೆ ನಾನೂ ಬಿಲ್ಲಿಂಗ್ ತಂತ್ರಾಂಶ ಹಾಕಿಸಿದ್ದೆ. ನವೆಂಬರಿನಲ್ಲಿ ಹೋಟೆಲುಗಳ ತೆರಿಗೆ ಶೇ. 5ಕ್ಕೆ ಇಳಿದಾಗ ಇಡೀ ದರಪಟ್ಟಿಯನ್ನು ಒಂದೇ ರಾತ್ರಿಯಲ್ಲಿ ತಿದ್ದಿ ಮುಗಿಸಿದ್ದರಿಂದ ಯಂತ್ರಗಳ ಮೇಲೆ ಅತಿಯಾದ ವಿಶ್ವಾಸ ಹುಟ್ಟಿತು. ಆರು ಟ್ಯಾಬ್ಲೆಟ್, ರೂಟರ್, ಅಡುಗೆಮನೆಗೊಂದು ಥರ್ಮಲ್ ಪ್ರಿಂಟರ್ (ಶಾಖದಿಂದ ಅಕ್ಷರ ಮೂಡಿಸಿ ಆರ್ಡರಿನ ಚೀಟಿ ಕೊಡುವ ಯಂತ್ರ), ವರ್ಷದ ಶುಲ್ಕ, ಎಲ್ಲ ಸೇರಿ ತೊಂಬತ್ತು ಸಾವಿರದ ಆಸುಪಾಸು ಖರ್ಚಾಯಿತು. ಆರೂ ಸಪ್ಲೈಯರುಗಳ ಕೈಗೆ ಒಂದೊಂದನ್ನು ಕೊಟ್ಟೆ. ಬೆಳಗಿನ ಒಂಬತ್ತು ಗಂಟೆಯ ನೂಕುನುಗ್ಗಲಿನಲ್ಲಿ, ಸಾಂಬಾರಿನ ತೇವ ಆರದ ಹೆಬ್ಬೆರಳಿಗೆ ಪರದೆ ಸ್ಪಂದಿಸದೆ, ಬೆರಳನ್ನು ಅಂಗಿಗೆ ಒರೆಸಿ ಮತ್ತೆ ಒತ್ತುವಷ್ಟರಲ್ಲಿ ಗಿರಾಕಿ ಕೈಗಡಿಯಾರ ನೋಡತೊಡಗುತ್ತಿದ್ದರು. ಹದಿನಾಲ್ಕು ವರ್ಷ ಜೊತೆಗಿದ್ದ ಸಪ್ಲೈಯರ್ ಒಬ್ಬರು ಎಂಟು ಟೇಬಲ್ಲುಗಳ ಆರ್ಡರನ್ನು ತಪ್ಪಿಲ್ಲದೆ ಬಾಯಲ್ಲೇ ಹೇಳುವವರು. ಆ ಯಂತ್ರ ಕೈಗೆ ಬಂದ ಮೇಲೆ ಅವರ ನೆನಪೂ ತಡವರಿಸಿತು. ಮೂರನೆಯ ತಿಂಗಳಲ್ಲಿ ಅವರು ಕೆಲಸ ಬಿಟ್ಟು ಊರಿಗೆ ಹೋದರು. ಹೋದ ಹಣಕ್ಕಿಂತ ಅದು ನನ್ನನ್ನು ಹೆಚ್ಚು ನೋಯಿಸಿತು.

ಅಡುಗೆಮನೆಯ ಕಥೆ ಬೇರೆ. ದೋಸೆ ಕಾವಲಿಯ ಪಕ್ಕದಲ್ಲಿ ಸಿಕ್ಕಿಸಿದ ಥರ್ಮಲ್ ಚೀಟಿ ಶಾಖಕ್ಕೆ ಕಪ್ಪಾಗಿ, ಮೇಲಿನ ಅಕ್ಷರಗಳೇ ಮುಳುಗಿಹೋಗುತ್ತಿದ್ದವು. ದೂರದಲ್ಲಿ ಸಿಕ್ಕಿಸಿದರೆ ಭಟ್ಟರು ನೋಡುತ್ತಿರಲಿಲ್ಲ. "ಧನಿಗಳೇ, ಕಣ್ಣು ಕಾವಲಿಯ ಮೇಲಿರುವಾಗ ಚೀಟಿ ನೋಡುವುದು ಯಾವಾಗ?" ಎಂದು ಅವರು ಕೇಳಿದ್ದು ಈಗಲೂ ಕಿವಿಯಲ್ಲಿದೆ, ಏಕೆಂದರೆ ಉತ್ತರ ಆ ಪ್ರಶ್ನೆಯೊಳಗೇ ಇತ್ತು. ಅವರು ಕಿವಿಯಿಂದ ಕೆಲಸ ಮಾಡುವವರು. ಬ್ಯಾಂಕುಗಳಲ್ಲಿ ಪಾಸ್‌ಬುಕ್ ಮುದ್ರಿಸುವಂಥ, ರಿಬ್ಬನ್ನಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಅಡುಗೆಮನೆಗೆ ತಂದಾಗ ಎಂಜಿನಿಯರಿಂಗ್ ಓದಿದ ನನ್ನ ಅಳಿಯನಿಗೆ ಒಪ್ಪಿಗೆಯಾಗಲಿಲ್ಲ. ಬೆಲೆಯೂ ಥರ್ಮಲ್ಲಿಗಿಂತ ಐದಾರು ಸಾವಿರ ಹೆಚ್ಚು. ಆದರೆ ಶಾಖಕ್ಕೆ ಅದರ ಚೀಟಿ ಕಪ್ಪಾಗುವುದಿಲ್ಲ, ಮತ್ತು ಅದರ ಕರಕರ ಸದ್ದು ಕೇಳಿದೊಡನೆ ಭಟ್ಟರ ಎಡಗೈ ತಾನಾಗಿ ಚೀಟಿಯತ್ತ ಹೋಗುತ್ತದೆ.

ಲಾಕ್‌ಡೌನಿನಲ್ಲಿ ಪಾರ್ಸೆಲ್ ಮಾತ್ರ ನಡೆಯುತ್ತಿದ್ದಾಗ ಒಂದು ನೋಟ್‌ಬುಕ್ ತೆರೆದೆ. ಯಾವುದೇ ಯಂತ್ರ ಕೊಳ್ಳುವ ಮೊದಲು ಹದಿನೈದು ದಿನ ಅದನ್ನು ಬಳಸಬೇಕಾದವರನ್ನು ಸುಮ್ಮನೆ ಗಮನಿಸಿ ಬರೆಯುವುದು ನನ್ನ ಕ್ರಮ. ಅವರು ನೆನಪಿನ ಮೇಲೆ ನಡೆಯುವವರೋ, ಬರೆದುಕೊಳ್ಳುವವರೋ, ತಪ್ಪಾದಾಗ ಮುಚ್ಚಿಡುತ್ತಾರೋ ಹೇಳುತ್ತಾರೋ ಎಂಬ ಮೂರು ವಿಷಯ ಬರೆಯುತ್ತೇನೆ. ನಾಲ್ಕನೆಯದೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಮೂರು ವರ್ಷ ಹಿಡಿದಿದೆ. ಎರಡನೆಯ ಸಲ ಆರು ಜನರಲ್ಲಿ ಇಬ್ಬರಿಗೆ ಮಾತ್ರ ಟ್ಯಾಬ್ಲೆಟ್ ಕೊಟ್ಟೆ. ಅವರು ತಟ್ಟೆ ಮುಟ್ಟುವುದಿಲ್ಲ, ಆರ್ಡರ್ ಮಾತ್ರ ತೆಗೆದುಕೊಳ್ಳುತ್ತಾರೆ, ಉಳಿದವರು ಬಡಿಸುತ್ತಾರೆ. ದಿನಕ್ಕೆ ಇಪ್ಪತ್ತರಷ್ಟಿದ್ದ ತಪ್ಪು ಆರ್ಡರುಗಳು ಈಗ ನಾಲ್ಕೈದಕ್ಕೆ ಇಳಿದಿವೆ. ಇಷ್ಟು ಕಡಿಮೆ ತಪ್ಪು ನಮ್ಮ ಸಾಲಿನ ಬೇರೆ ಯಾವ ಹೋಟೆಲಿನಲ್ಲೂ ಇರಲಿಕ್ಕಿಲ್ಲ ಎಂಬುದು ನನ್ನ ನಂಬಿಕೆ.

ಗಲ್ಲಾದಲ್ಲಿ ಕುಳಿತುಕೊಳ್ಳುವವರು ನನ್ನ ಸೋದರಮಾವ. 2016ರ ನೋಟು ರದ್ದತಿಯ ನಂತರ ಯುಪಿಐ ಎಲ್ಲರ ಕೈಗೂ ಬಂದರೂ, ಕೈಗೆ ಸಿಗದ ಹಣವನ್ನು ಮಾವ ನಂಬುತ್ತಿರಲಿಲ್ಲ. ಪ್ರತಿಯೊಬ್ಬರ ಮೊಬೈಲ್ ಇಸಿದುಕೊಂಡು ಓದುತ್ತಿದ್ದುದರಿಂದ ಸಾಲು ಬಾಗಿಲು ದಾಟುತ್ತಿತ್ತು. ಹಣ ಬಂದೊಡನೆ ಮೊತ್ತವನ್ನು ಗಟ್ಟಿಯಾಗಿ ಹೇಳುವ ಸೌಂಡ್ ಬಾಕ್ಸ್ ತಂದೆ. ಅದರ ಹಿಂದಿಯನ್ನೂ ಅವರು ನಂಬಲಿಲ್ಲ. ಭಾಷೆಯನ್ನು ಕನ್ನಡಕ್ಕೆ ಬದಲಿಸಿದ ದಿನ ಮಾವ ತಲೆಯೆತ್ತಿ ಆಲಿಸಿದರು, ಮತ್ತೆ ಮೊಬೈಲ್ ಕೇಳಲಿಲ್ಲ. ತಿಂಗಳಿಗೆ ನೂರು ರೂಪಾಯಿಯಷ್ಟು ಬಾಡಿಗೆಯ ಆ ಪೆಟ್ಟಿಗೆ ಮಾಡಿದ ಕೆಲಸವನ್ನು ತೊಂಬತ್ತು ಸಾವಿರ ಮಾಡಿರಲಿಲ್ಲ.

ನಡುವೆ ಎರಡು ಪ್ರಯೋಗಗಳನ್ನೂ ಮಾಡಿದೆ. ಟೇಬಲ್ಲುಗಳ ಮೇಲೆ ಕ್ಯೂಆರ್ ಮೆನು ಅಂಟಿಸಿದ್ದೆ, ನಮ್ಮ ಹಿರಿಯ ಗಿರಾಕಿಗಳು "ಇವತ್ತೇನು ಬಿಸಿ?" ಎಂದು ಕೇಳಿಯೇ ತಿನ್ನುವವರಾದ್ದರಿಂದ ಒಂದೂವರೆ ತಿಂಗಳಲ್ಲಿ ಕಿತ್ತು ತೆಗೆದೆ. ಇಡ್ಲಿ ಹಿಟ್ಟಿನ ಪಾತ್ರೆಯ ಬಳಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ಮಳೆಗಾಲದಿಂದ ಜನವರಿಯವರೆಗೆ ಹುದುಗುವ ಸಮಯ ಬರೆದೆ. ಜನವರಿಯಲ್ಲಿ ಎರಡು ಮೂರು ಗಂಟೆ ಹೆಚ್ಚು ಬೇಕಾಗುತ್ತದೆ. ಹಿಟ್ಟಿನ ಭಟ್ಟರು ಮೂಗಿನಿಂದ ಹೇಳಿದ್ದೂ ಅದನ್ನೇ. ಆ ನೋಟ್‌ಬುಕ್ ಹೊಸಬರಿಗೆ ಕಲಿಸಲು ಉಪಯೋಗಕ್ಕೆ ಬರುತ್ತಿದೆ.

ಅಡುಗೆಮನೆಗೆ ದೊಡ್ಡ ಪರದೆ ಹಾಕಿಸಿ ಎಂದು ಕಳೆದ ವಾರ ಮಾರಾಟಗಾರರೊಬ್ಬರು ಬಂದಿದ್ದರು. ಹದಿನೈದು ದಿನ ಬಿಟ್ಟು ಬರಲು ಹೇಳಿದ್ದೇನೆ. ಕಾಫಿ, ಚಹಾದ ವಿಭಾಗವನ್ನು ಮಾತ್ರ ಅವರಿಗೆ ತೋರಿಸಲಿಲ್ಲ. ಅಲ್ಲಿರುವವರು ಕೂಗಿ ಹೇಳಿದ್ದನ್ನು ಕೂಗಿಯೇ ಒಪ್ಪಿಸುತ್ತಾರೆ, ಮತ್ತು ಇಪ್ಪತ್ತೆರಡು ವರ್ಷಗಳಲ್ಲಿ ಅವರ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ.