ಗಿಡದ ಜೀನ್ ಒಂದರ ಬಾಯಿ ಮುಚ್ಚಿಸುವುದು ಹೇಗೆ

ಜೀನ್ ಸೈಲೆನ್ಸಿಂಗ್ ಅಂದರೆ ಜೀನನ್ನು ಕಿತ್ತು ಹಾಕುವುದಲ್ಲ. ಡಿಎನ್‌ಎಯಲ್ಲಿ ಅದು ಹಾಗೇ ಇರುತ್ತದೆ. ಹೆಚ್ಚಿನ ಸಲ ಅದರಿಂದ ಹೊರಟ ಎಂಆರ್‌ಎನ್‌ಎ (ಪ್ರೋಟೀನ್ ಮಾಡಲು ಬೇಕಾದ ಸೂಚನೆಯ ಪ್ರತಿ), ಪ್ರೋಟೀನ್ ತಯಾರಾಗುವ ಮೊದಲೇ ತುಂಡಾಗುತ್ತದೆ. ಈ ಕತ್ತರಿ ನಮ್ಮದಲ್ಲ, ವೈರಸ್‌ಗಳ ಕಾಟ ತಡೆಯಲು ಗಿಡವೇ ಇಟ್ಟುಕೊಂಡಿರುವುದು. ಎಲ್ಲಿ ಕತ್ತರಿಸಬೇಕು ಅಂತ ತೋರಿಸುವುದಷ್ಟೇ ನಮ್ಮ ಕೆಲಸ.

ಮೊದಲು ಆ ಜೀನ್‌ನಿಂದ 300ರಿಂದ 500 ಅಕ್ಷರಗಳ (ಡಿಎನ್‌ಎಯ ಬೇಸ್‌ಗಳ) ತುಂಡು ಆರಿಸಿಕೊಳ್ಳಿ. ಇಲ್ಲಿ ಅವಸರ ಬೇಡವೇ ಬೇಡ. ತುಂಡಿನೊಳಗಿನ 21 ಅಕ್ಷರಗಳ ಸಾಲೊಂದು ಬೇರೆ ಜೀನ್‌ನಲ್ಲೂ ಹಾಗೇ ಇದ್ದರೆ ಅದಕ್ಕೂ ಏಟು ಬೀಳಬಹುದು, ಹಾಗಾಗಿ ಇಡೀ ಜೀನೋಮ್ ಜೊತೆ ಹೋಲಿಸಿ ನೋಡಿ. ಒಂದೇ ಕುಟುಂಬದ ಜೀನ್‌ಗಳಾದರೆ ಕೊನೆಯ ಬಾಲದ ಭಾಗ, ಅಂದರೆ ಪ್ರೋಟೀನ್ ಆಗದ ಭಾಗ, ಒಳ್ಳೆಯ ಆಯ್ಕೆ. ಅಲ್ಲಿ ವ್ಯತ್ಯಾಸ ಜಾಸ್ತಿ.

ಈಗ ಅದೇ ತುಂಡನ್ನು ಒಮ್ಮೆ ನೇರವಾಗಿ, ಒಮ್ಮೆ ತಿರುವಿ ಜೋಡಿಸಿ, ನಡುವೆ ಒಂದು ಇಂಟ್ರಾನ್ (ಆರ್‌ಎನ್‌ಎಯಿಂದ ಜೀವಕೋಶವೇ ಕತ್ತರಿಸಿ ತೆಗೆಯುವ ಭಾಗ) ಇಡಿ. ಆರ್‌ಎನ್‌ಎ ಆದಾಗ ಇಂಟ್ರಾನ್ ಉದುರಿಹೋಗಿ, ಎರಡು ತೋಳುಗಳು ಅಂಟಿಕೊಂಡು ಹೇರ್‌ಪಿನ್ (ಕೂದಲ ಪಿನ್ನಿನ ಆಕಾರದ ಜೋಡಿ ಎಳೆ) ಆಗುತ್ತದೆ. ಗಿಡದ ಡೈಸರ್ ಅನ್ನುವ ಕಿಣ್ವ ಅದನ್ನು 21ರಿಂದ 24 ಅಕ್ಷರಗಳ ಚೂರು ಮಾಡುತ್ತದೆ, ಆರ್ಗೊನಾಟ್ ಅನ್ನುವ ಪ್ರೋಟೀನ್ ಒಂದು ಎಳೆ ಹಿಡಿದು ಹೊಂದುವ ಎಂಆರ್‌ಎನ್‌ಎ ಹುಡುಕಿ ಕತ್ತರಿಸುತ್ತದೆ.

ಈ ಜೋಡಣೆಯನ್ನು ಅಗ್ರೋಬ್ಯಾಕ್ಟೀರಿಯಂ (ಗಿಡದೊಳಗೆ ಡಿಎನ್‌ಎ ಸಾಗಿಸುವ ಬ್ಯಾಕ್ಟೀರಿಯಾ) ಮೂಲಕ ಗಿಡಕ್ಕೆ ಸೇರಿಸಿದ ಮೇಲೆ ಒಂದೇ ಗಿಡ ನೋಡಿ ತೀರ್ಮಾನಿಸಬೇಡಿ, ಹಲವು ಲೈನ್ (ಬೇರೆ ಬೇರೆಯಾಗಿ ಜೀನ್ ಸೇರಿದ ಗಿಡಗಳ ಸಂತತಿ) ಬೆಳೆಸಿ. ಸೇರಿಸಿದ ಜೀನ್ ಎಲ್ಲಿ ಕೂತಿದೆ, ಎಷ್ಟು ಪ್ರತಿ ಇದೆ ಅನ್ನುವುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಪ್ರತಿ ಜಾಸ್ತಿಯಾದರೆ ಗಿಡ ಅದರ ಪ್ರೊಮೋಟರ್‌ಗೇ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗಕ್ಕೇ) ಮೀಥೈಲ್ ಅನ್ನುವ ರಾಸಾಯನಿಕ ಗುರುತು ಹಾಕಿ, ನಿಮ್ಮ ಹೇರ್‌ಪಿನ್ನನ್ನೇ ಮುಚ್ಚಿಬಿಡಬಹುದು. 1990ರಲ್ಲಿ ವರದಿಯಾದ ಪೆಟೂನಿಯಾ ಪ್ರಯೋಗ ನೆನಪಿದೆ ಅಲ್ವಾ? ನೇರಳೆ ಬಣ್ಣ ಗಾಢವಾಗಲಿ ಅಂತ ಬಣ್ಣದ ಜೀನ್‌ನ ಇನ್ನೊಂದು ಪ್ರತಿ ಹಾಕಿದರೆ, ಎಷ್ಟೋ ಹೂಗಳು ಬೆಳ್ಳಗಾದವು. ಹೊಸದೂ ಹಳೆಯದೂ ಒಟ್ಟಿಗೇ ಸುಮ್ಮನಾಗಿದ್ದವು.

ಪಿಡಿಎಸ್ ಜೀನ್‌ಗೆ (ಎಲೆಯ ಹಸಿರನ್ನು ಬಿಸಿಲಿನಿಂದ ಕಾಪಾಡುವ ಬಣ್ಣದ ವಸ್ತು ತಯಾರಾಗಲು ಬೇಕಾದ ಜೀನ್) ಒಂದು ಹೇರ್‌ಪಿನ್ ಜೊತೆಗಿರಲಿ. ಅದು ನಿಂತರೆ ಎಲೆ ಬಿಳಿಚಿಕೊಳ್ಳುತ್ತದೆ, ವಿಧಾನ ಕೆಲಸ ಮಾಡುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಉಳಿದ ಜೀನ್‌ಗಳಿಗೆ ಆರ್‌ಟಿ-ಪಿಸಿಆರ್, ಅಂದರೆ ಎಂಆರ್‌ಎನ್‌ಎ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ, ಬೇಕು. ಆಗ ಪ್ರೈಮರ್‌ಗಳು (ಯಾವ ಭಾಗ ಅಳೆಯಬೇಕು ಅಂತ ಗುರುತಿಸುವ ಚಿಕ್ಕ ಡಿಎನ್‌ಎ ತುಂಡುಗಳು) ನೀವು ಹೇರ್‌ಪಿನ್‌ಗೆ ಬಳಸಿದ ತುಂಡಿನ ಆಚೆ ಇರಲೇಬೇಕು. ಇಲ್ಲದಿದ್ದರೆ ಹೇರ್‌ಪಿನ್ ಆರ್‌ಎನ್‌ಎ ಕೂಡ ಲೆಕ್ಕಕ್ಕೆ ಸೇರಿ, ತಗ್ಗಿದ ಜೀನ್ ಹೆಚ್ಚಾದ ಹಾಗೆ ಕಾಣುತ್ತದೆ. ಸ್ವಲ್ಪ ಎಂಆರ್‌ಎನ್‌ಎ ಉಳಿದೇ ಉಳಿಯುತ್ತದೆ, ಅದು ಸಹಜ. ಪೂರ್ತಿ ಸೊನ್ನೆಯೇ ಬೇಕಿದ್ದರೆ ಕ್ರಿಸ್ಪರ್ ಅನ್ನುವ ಡಿಎನ್‌ಎ ತಿದ್ದುವ ವಿಧಾನದಲ್ಲಿ ಜೀನನ್ನೇ ಕೆಡಿಸುವುದು ಮೇಲು.