ವಾರದ ಪಾಠಗಳನ್ನು ಒಂದೇ ಎಳೆಯಲ್ಲಿ ಹೆಣೆಯುವ ಬಗೆ: ಪ್ರಾಥಮಿಕ ತರಗತಿಯ ಶಿಕ್ಷಕರಿಗೊಂದು ಕೈಪಿಡಿ

ಪ್ರಾಥಮಿಕ ತರಗತಿಯಲ್ಲಿ ಕಲಿಕೆಯನ್ನು ಯೋಜಿಸಲು ವಾರವೇ ಸರಿಯಾದ ಅಳತೆ ಎಂಬುದು ನನ್ನ ಅನುಭವದ ಮಾತು. ಎಂಟೊಂಬತ್ತು ವರ್ಷದ ಮಗು ಹೊಸದೊಂದು ಸಂಗತಿಯನ್ನು ಕೈಯಾರೆ ಮಾಡಿ ನೋಡಿ, ಅದರಲ್ಲಿ ಎಡವಿ, ಎಡವಿದ್ದು ಎಲ್ಲಿ ಎಂದು ಕಂಡುಕೊಂಡು, ಮತ್ತೆ ಮಾಡಿ ಸರಿಪಡಿಸಿಕೊಳ್ಳುವುದಕ್ಕೆ ಒಂದು ದಿನ ಸಾಲದು. ತಿಂಗಳಷ್ಟು ಎಳೆದರೆ, ಮೊದಲು ಏನನ್ನು ಹುಡುಕಲು ಹೊರಟಿದ್ದೆವು ಎಂಬುದೇ ಮಗುವಿಗೆ ಮರೆತಿರುತ್ತದೆ. ಮುಂದೆ ವಿವರಿಸಿರುವ ಕ್ರಮವನ್ನು ಐದು ದಿನಗಳ ವಾರಕ್ಕೆ ಹೊಂದಿಸಲಾಗಿದೆ. ಆರನೆಯ ದಿನವೂ ತರಗತಿ ನಡೆಯುವ ಕಡೆಗಳಲ್ಲಿ ಆ ದಿನವನ್ನು ಉಳಿದುಹೋದ ಕೆಲಸಕ್ಕೆ ಮೀಸಲಿಡಬಹುದು.

ಯೋಜನೆ ಶುಕ್ರವಾರದಿಂದ ಹಿಂದಕ್ಕೆ

ಹೆಚ್ಚಿನವರು ಸೋಮವಾರ ಏನು ಮಾಡಿಸಬೇಕು ಎಂಬುದರಿಂದ ಯೋಜನೆ ಆರಂಭಿಸುತ್ತಾರೆ. ಅದರ ಬದಲು, ಶುಕ್ರವಾರ ಸಂಜೆಯ ಹೊತ್ತಿಗೆ ಪ್ರತಿಯೊಂದು ಮಗುವೂ ಏನನ್ನು ಮಾಡಿ ತೋರಿಸಬಲ್ಲದು ಎಂಬುದನ್ನು ಮೊದಲು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಆ ವಾಕ್ಯದ ಕ್ರಿಯಾಪದ ಕಣ್ಣಿಗೆ ಕಾಣುವಂಥದ್ದಾಗಿರಬೇಕು. ‘ಭಿನ್ನರಾಶಿಯನ್ನು ತಿಳಿಯುವುದು’ ಎಂದು ಬರೆದರೆ ಅದು ಆಗಿದೆಯೇ ಇಲ್ಲವೇ ಎಂದು ಪರಿಶೀಲಿಸುವ ದಾರಿಯಿಲ್ಲ. ‘ಎರಡು ಭಿನ್ನರಾಶಿಗಳನ್ನು ಹೋಲಿಸಿ, ಯಾವುದು ದೊಡ್ಡದೆಂದು ಕಾರಣಸಹಿತ ಹೇಳುವುದು’ ಎಂದು ಬರೆದರೆ ಯಾವ ಮಗು ಅಲ್ಲಿಗೆ ತಲುಪಿದೆ ಎಂಬುದು ನಿಮಗೇ ಕಾಣುತ್ತದೆ.

ಇಂಥ ವಾಕ್ಯಗಳು ವಾರಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಭಾಷೆಗೆ ಒಂದು, ಗಣಿತಕ್ಕೆ ಒಂದು, ಪರಿಸರ ವಿಜ್ಞಾನಕ್ಕೆ ಒಂದು ಸಾಕು. ಪಾಠ ಹೇಳಲು ತೊಡಗಿದ ಮೊದಲ ವರ್ಷ ನಾನು ಒಂದೇ ವಾರಕ್ಕೆ ಹನ್ನೊಂದು ಚಟುವಟಿಕೆಗಳನ್ನು ತುಂಬಿದ್ದೆ. ಮಕ್ಕಳು ಒಂದನ್ನು ಮುಗಿಸುವ ಮೊದಲೇ ಇನ್ನೊಂದಕ್ಕೆ ಎದ್ದರು. ಅರ್ಧಕ್ಕೆ ನಿಂತ ಚಿತ್ರಗಳೂ ಅಂಟಿಸದೆ ಉಳಿದ ಕಾಗದದ ತುಂಡುಗಳೂ ಶುಕ್ರವಾರ ಮೇಜಿನ ಮೇಲೆ ರಾಶಿಯಾಗಿದ್ದವು. ಮಕ್ಕಳಿಗೆ ಕೆಲಸವಿತ್ತು, ಆದರೆ ಕಲಿಕೆ ನಡೆದಿರಲಿಲ್ಲ ಎಂಬುದು ಆ ರಾಶಿಯನ್ನು ನೋಡಿದಾಗ ನನಗೆ ಮನವರಿಕೆಯಾಯಿತು.

ಉದಾಹರಣೆಗಾಗಿ ನಾಲ್ಕನೆಯ ತರಗತಿಯ ಒಂದು ವಾರವನ್ನು ತೆಗೆದುಕೊಳ್ಳೋಣ. ಗಣಿತದಲ್ಲಿ ಭಿನ್ನರಾಶಿಗಳ ಹೋಲಿಕೆ. ಭಾಷೆಯಲ್ಲಿ ಅರ್ಕಾವತ್ತು ಮತ್ತು ರಕಾರದ ಒತ್ತು. ವಿಜ್ಞಾನದಲ್ಲಿ ‘ಕಾಳು ಮೊಳೆಯಲು ಏನೇನು ಬೇಕು’ ಎಂಬ ಪ್ರಶ್ನೆ. ಈ ಮೂರೂ ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಹನ್ನೆರಡು ಎಂಬ ಸಂಖ್ಯೆಯ ಸುತ್ತ ಅವುಗಳನ್ನು ಹೆಣೆಯಬಹುದು. ಭಿನ್ನರಾಶಿಗೆ 12 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿಗಳನ್ನು ಬಳಸಿದರೆ ಅರ್ಧ 6, ಮೂರನೇ ಒಂದು 4, ಕಾಲು 3, ಆರನೇ ಒಂದು 2 ಸೆಂಟಿಮೀಟರ್ ಎಂದು ಅಳತೆಗಳೆಲ್ಲ ಪೂರ್ಣಾಂಕಗಳಲ್ಲೇ ಬರುತ್ತವೆ. ಪ್ರತಿ ಲೋಟದಲ್ಲಿ 12 ಕಾಳುಗಳನ್ನೇ ಇಟ್ಟರೆ ‘ಹನ್ನೆರಡರಲ್ಲಿ ಒಂಬತ್ತು ಮೊಳೆತಿವೆ, ಅಂದರೆ ಮುಕ್ಕಾಲು ಪಾಲು’ ಎಂಬ ಮಾತು ವಿಜ್ಞಾನದ ಅವಧಿಯಲ್ಲಿ ತಾನಾಗಿಯೇ ಬರುತ್ತದೆ. ‘ಅರ್ಧ’ ಎಂಬ ಪದದಲ್ಲಿಯೇ ಅರ್ಕಾವತ್ತು ಇದೆ.

ಸೋಮವಾರ: ಊಹೆಯನ್ನು ಬರೆದಿಡುವ ದಿನ

ಕಾಳಿನ ಪ್ರಯೋಗ ಸೋಮವಾರ ಬೆಳಿಗ್ಗೆಯೇ ಆರಂಭವಾಗಬೇಕು, ಏಕೆಂದರೆ ಅದಕ್ಕೆ ವಾರವಿಡೀ ಬೇಕು. ಹೆಸರುಕಾಳು ಬೇಗ ಮೊಳೆಯುವುದರಿಂದ ಈ ಕೆಲಸಕ್ಕೆ ಒಳ್ಳೆಯದು. ನಾಲ್ಕು ಪಾರದರ್ಶಕ ಲೋಟಗಳಲ್ಲಿ ಹನ್ನೆರಡು ಹನ್ನೆರಡು ಕಾಳುಗಳನ್ನು ಇಡಿಸಿ. ಮೊದಲನೆಯದರಲ್ಲಿ ಒಣ ಬಟ್ಟೆಯ ಮೇಲೆ ಕಾಳುಗಳಿರಲಿ. ಎರಡನೆಯದರಲ್ಲಿ ಒದ್ದೆ ಬಟ್ಟೆಯಿದ್ದು ಲೋಟ ಕಿಟಕಿಯ ಬಳಿ ಬೆಳಕಿನಲ್ಲಿರಲಿ. ಮೂರನೆಯದು ಅದೇ ರೀತಿ ಒದ್ದೆ ಬಟ್ಟೆಯೊಂದಿಗೆ ಕಪಾಟಿನ ಕತ್ತಲಲ್ಲಿರಲಿ. ನಾಲ್ಕನೆಯದರಲ್ಲಿ ಕಾಳುಗಳು ನೀರಿನಲ್ಲಿ ಪೂರ್ತಿ ಮುಳುಗಿರಲಿ. ಯಾವ ಲೋಟದಲ್ಲಿ ಎಷ್ಟು ಕಾಳು ಮೊಳೆಯಬಹುದು ಎಂಬ ಊಹೆಯನ್ನು ಪ್ರತಿ ಮಗುವೂ ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದ ಮೇಲೆಯೇ ಲೋಟಗಳನ್ನು ಅವುಗಳ ಜಾಗಕ್ಕೆ ಕಳಿಸಬೇಕು. ಈ ಹಂತವನ್ನು ದಯವಿಟ್ಟು ಬಿಡಬೇಡಿ. ಊಹಿಸದ ಮಗು ಫಲಿತಾಂಶವನ್ನು ಸುಮ್ಮನೆ ನೋಡುತ್ತದೆ. ಊಹಿಸಿದ ಮಗುವಾದರೋ ಪ್ರತಿದಿನ ಬೆಳಿಗ್ಗೆ ಚೀಲ ಇಡುವ ಮೊದಲೇ ಕಿಟಕಿಯ ಬಳಿಗೆ ಓಡುತ್ತದೆ.

ಬೆಳಕಿಲ್ಲದೆ ಕಾಳು ಮೊಳೆಯದು ಎಂದು ಹೆಚ್ಚಿನ ಮಕ್ಕಳು ಬರೆಯುತ್ತಾರೆ. ಅದನ್ನು ಸೋಮವಾರವೇ ತಿದ್ದಬಾರದು. ಕತ್ತಲಲ್ಲಿಟ್ಟ ಕಾಳುಗಳೂ ಮೊಳೆಯುತ್ತವೆ, ಸಸಿ ಮಾತ್ರ ಬಿಳಿಚಿಕೊಂಡು ಉದ್ದವಾಗಿ ಬೆಳೆಯುತ್ತದೆ. ನೀರಿನಲ್ಲಿ ಮುಳುಗಿದವು ಉಬ್ಬಿ, ಕೆಲವು ಬಿರಿದರೂ ಗಾಳಿ ಸಾಲದೆ ಅಲ್ಲಿಗೇ ನಿಂತು ಕೊಳೆಯತೊಡಗುತ್ತವೆ. ಇದನ್ನು ಮಕ್ಕಳೇ ನೋಡಿ ಹೇಳಬೇಕು. ಚಳಿಯ ದಿನಗಳಲ್ಲಿ ಮೊಳಕೆ ತಡವಾಗುವುದರಿಂದ ಹಿಂದಿನ ಶುಕ್ರವಾರವೇ ಪ್ರಯೋಗವನ್ನು ಹೂಡುವುದು ಕ್ಷೇಮ. ಲೋಟಗಳನ್ನು ಮುಟ್ಟಿದ ಮೇಲೆ ಎಲ್ಲರೂ ಕೈ ತೊಳೆಯಬೇಕು, ಕಾಳುಗಳನ್ನು ಯಾರೂ ಬಾಯಿಗೆ ಹಾಕಬಾರದು.

ಗಣಿತದ ಅವಧಿಯಲ್ಲಿ ಆ ದಿನ ಅಂಕಿಗಳನ್ನು ಬರೆಯಬೇಕಾಗಿಲ್ಲ. ಒಂದೇ ಉದ್ದದ ಪಟ್ಟಿಗಳನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಆರು ಜನರಿಗೆ ಸಮನಾಗಿ ಹಂಚಿ, ಒಬ್ಬೊಬ್ಬರ ಪಾಲನ್ನು ಒಂದರ ಕೆಳಗೊಂದು ಅಂಟಿಸಿದರೆ ಸಾಕು. ಪಾಲುಗಾರರು ಹೆಚ್ಚಿದಂತೆ ಪಾಲು ಕಿರಿದಾಗುವುದನ್ನು ಕಣ್ಣು ಮೊದಲು ನೋಡಲಿ. 1/2, 1/3 ಎಂಬ ಬರಹ ಮಂಗಳವಾರ ಬರಲಿ.

ಮಂಗಳವಾರ: ಅಭ್ಯಾಸ, ಮತ್ತು ಕಾಯುವ ತಾಳ್ಮೆ

ರಕಾರದ ಎರಡು ರೂಪಗಳು ಮಕ್ಕಳನ್ನು ಕಾಡುವುದಕ್ಕೆ ನಿಜವಾದ ಕಾರಣವಿದೆ. ‘ಸೂರ್ಯ’ ಎಂದು ಉಚ್ಚರಿಸುವಾಗ ರಕಾರ ಯಕಾರಕ್ಕಿಂತ ಮೊದಲು ಕೇಳಿಸುತ್ತದೆ, ಆದರೆ ಬರೆಯುವಾಗ ಅದರ ಗುರುತು ಯಕಾರದ ನಂತರ ಬರುತ್ತದೆ. ಕಿವಿಯ ಕ್ರಮ ಒಂದು, ಕೈಯ ಕ್ರಮ ಇನ್ನೊಂದು. ಆದ್ದರಿಂದ ‘ಹತ್ತು ಸಲ ಬರೆ’ ಎನ್ನುವುದರಿಂದ ತಪ್ಪು ಹೋಗುವುದಿಲ್ಲ. ಅರ್ಧ, ವರ್ಷ, ಸೂರ್ಯ, ಮಾರ್ಗ ಎಂಬ ನಾಲ್ಕು ಪದಗಳನ್ನೂ ಚಕ್ರ, ಪತ್ರ, ಚಂದ್ರ, ಕ್ರಮ ಎಂಬ ನಾಲ್ಕನ್ನೂ ಗಟ್ಟಿಯಾಗಿ ಹೇಳಿಸಿ, ರಕಾರ ಮೊದಲು ಕೇಳುತ್ತದೆಯೋ ಕೊನೆಗೆ ಕೇಳುತ್ತದೆಯೋ ಎಂದು ಕಿವಿಯಿಂದಲೇ ಎರಡು ಗುಂಪು ಮಾಡಿಸಿ, ಆಮೇಲೆ ಬರೆಸಬೇಕು. ‘ಕ್ರಮ’ ಮತ್ತು ‘ಕರ್ಮ’ ಇವೆರಡನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ಓದಿಸಿದರೆ ಗುರುತಿನ ಜಾಗ ಬದಲಾದಾಗ ಪದವೇ ಬದಲಾಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಎಂಟು ಪದಗಳು ಒಂದು ವಾರಕ್ಕೆ ಸಾಕಷ್ಟಾಯಿತು.

ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನೂ ಯೋಜನೆಯ ಭಾಗವೆಂದೇ ಎಣಿಸಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ ಅವರು 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದೂ, ಆ ಮೌನವನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಮಕ್ಕಳ ಉತ್ತರಗಳು ಉದ್ದವಾಗುತ್ತವೆಂದೂ, ಉತ್ತರಿಸದೆ ಕೂರುವ ಮಕ್ಕಳು ಕಡಿಮೆಯಾಗುತ್ತಾರೆಂದೂ ತೋರಿಸಿದರು. ಮನಸ್ಸಿನಲ್ಲಿ ನಿಧಾನವಾಗಿ ಒಂದು, ಎರಡು, ಮೂರು ಎಂದು ಎಣಿಸುವುದು ಕೇಳಲು ಸುಲಭ. ನಲವತ್ತು ಮಕ್ಕಳ ಎದುರು ನಿಂತಾಗ ಅದು ಬಹಳ ದೀರ್ಘವೆನಿಸುತ್ತದೆ. ಆದರೂ ಎಣಿಸಿ.

ಬುಧವಾರದ ಚೀಟಿ

ಇಡೀ ವಾರದಲ್ಲಿ ನಾನು ಅತ್ಯಂತ ಜೋಪಾನವಾಗಿ ಕಾಯುವುದು ಬುಧವಾರದ ಕೊನೆಯ ಹತ್ತು ನಿಮಿಷಗಳನ್ನು. ಪ್ರತಿ ಮಗುವಿಗೂ ಅಂಗೈಯಗಲದ ಒಂದು ಚೀಟಿ ಕೊಟ್ಟು ಮೂರು ಪ್ರಶ್ನೆಗಳಿಗೆ ಉತ್ತರ ಬರೆಸಬೇಕು. ಒಂದನೆಯದು: 1/3 ಮತ್ತು 1/5 ಇವುಗಳಲ್ಲಿ ಯಾವುದು ದೊಡ್ಡದು, ಏಕೆ? ಎರಡನೆಯದು: ‘ಸೂರ್ಯ’, ‘ಚಕ್ರ’ ಎಂಬ ಪದಗಳ ಉಕ್ತಲೇಖನ. ಮೂರನೆಯದು: ಸೋಮವಾರದ ನಿನ್ನ ಊಹೆ ಬದಲಾಗಿದೆಯೇ, ಏನನ್ನು ನೋಡಿ ಬದಲಾಯಿತು? ಐದನೇ ಒಂದು ಪಾಲನ್ನು ಮಕ್ಕಳು ಪಟ್ಟಿಯಲ್ಲಿ ಕತ್ತರಿಸಿರುವುದಿಲ್ಲ. ನೆನಪಿನ ಬದಲು ವಿಚಾರವನ್ನು ಪರೀಕ್ಷಿಸಲೆಂದೇ ಅದನ್ನು ಆರಿಸಬೇಕು.

ಈ ಚೀಟಿಗಳಿಗೆ ಅಂಕ ಕೊಡಬೇಡಿ. ಸಂಜೆ ಅವುಗಳನ್ನು ಓದುತ್ತ ಮೂರು ಕಟ್ಟುಗಳಾಗಿ ವಿಂಗಡಿಸಿ. ಅಂಕ ಹಾಕುವ ಗೋಜಿಲ್ಲವಾದ್ದರಿಂದ ಈ ಕೆಲಸ ಬೇಗ ಮುಗಿಯುತ್ತದೆ. ಉತ್ತರಕ್ಕಿಂತ ಕಾರಣವನ್ನು ಗಮನವಿಟ್ಟು ಓದಬೇಕು. ‘ಐದು ದೊಡ್ಡದು, ಆದ್ದರಿಂದ 1/5 ದೊಡ್ಡದು’ ಎಂದು ಬರೆದ ಮಗು ಛೇದವನ್ನು ಇನ್ನೂ ಬಿಡಿ ಸಂಖ್ಯೆಯಾಗಿಯೇ ನೋಡುತ್ತಿದೆ. ‘ಕೆಳಗಿನ ಅಂಕಿ ಚಿಕ್ಕದಿದ್ದರೆ ಭಿನ್ನರಾಶಿ ದೊಡ್ಡದು’ ಎಂದು ಬರೆದ ಮಗುವಿನ ಉತ್ತರ ಸರಿಯಾಗಿದ್ದರೂ ಅದರ ಕೈಯಲ್ಲಿರುವುದು ಬರೀ ಒಂದು ಸೂತ್ರ. 2/3 ಮತ್ತು 3/4 ಕೊಟ್ಟ ಕೂಡಲೇ ಅದು ಮೋಸ ಹೋಗುತ್ತದೆ. ‘ಐದು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ ಕಡಿಮೆ ಸಿಗುತ್ತದೆ’ ಎಂದ ಮಗುವಿಗೆ ವಿಷಯ ದಕ್ಕಿದೆ. ಸರಿ-ತಪ್ಪಿನ ಗುರುತು ಹಾಕಿದ್ದರೆ ಎರಡನೆಯ ಮತ್ತು ಮೂರನೆಯ ಮಕ್ಕಳ ನಡುವಿನ ಅಂತರ ನಮಗೆ ಕಾಣುತ್ತಲೇ ಇರಲಿಲ್ಲ.

ಗುರುವಾರವನ್ನು ಖಾಲಿ ಬಿಡಿ

ಗುರುವಾರದ ಗಣಿತ ಮತ್ತು ಭಾಷೆಯ ಅವಧಿಗಳಿಗೆ ಮೊದಲೇ ಏನನ್ನೂ ಬರೆದಿಡಬಾರದು, ಅವುಗಳಿಗೆ ಬೇಕಾದದ್ದನ್ನು ಬುಧವಾರದ ಚೀಟಿಗಳೇ ಹೇಳುತ್ತವೆ. ಮೊದಲ ಕಟ್ಟಿನ ಮಕ್ಕಳ ಜೊತೆ ಶಿಕ್ಷಕರೇ ಕುಳಿತು, ಅಂಕಿಗಳನ್ನು ಬದಿಗಿಟ್ಟು, ಪಟ್ಟಿ ಹಂಚುವ ಕೆಲಸಕ್ಕೆ ಹಿಂತಿರುಗಬೇಕು. ಎರಡನೆಯ ಗುಂಪು 2/3 ಮತ್ತು 3/4 ಅನ್ನು ಪಟ್ಟಿಯ ಮೇಲೆ ಅಳೆದು, ಒಂದು 8 ಸೆಂಟಿಮೀಟರ್, ಇನ್ನೊಂದು 9 ಸೆಂಟಿಮೀಟರ್ ಎಂದು ಕಂಡು, ತಮ್ಮ ಸೂತ್ರ ಎಲ್ಲಿ ಮುರಿಯಿತು ಎಂದು ಬರೆಯಲಿ. ಮೂರನೆಯ ಗುಂಪು ಲೋಟಗಳ ಕಾಳುಗಳನ್ನೇ ಬಳಸಿ ಭಿನ್ನರಾಶಿಯ ಪ್ರಶ್ನೆಗಳನ್ನು ತಾನೇ ರಚಿಸಲಿ.

ಬೇಗ ಕಲಿಯುವ ಮಕ್ಕಳನ್ನು ಪ್ರತಿ ವಾರವೂ ಉಳಿದವರಿಗೆ ಕಲಿಸಲು ಕೂರಿಸುವ ಅಭ್ಯಾಸ ಹಲವೆಡೆ ಇದೆ. ಅಪರೂಪಕ್ಕೆ ಅದು ಒಳ್ಳೆಯದೇ, ಆದರೆ ಆ ಮಕ್ಕಳಿಗೂ ತಮಗೆ ಕಷ್ಟವೆನಿಸುವ ಕೆಲಸ ಸಿಗಬೇಕು. ಗುಂಪುಗಳಿಗೆ ಜಾಣರು, ಹಿಂದುಳಿದವರು ಎಂಬ ಅರ್ಥ ಹೊಳೆಯುವ ಯಾವ ಹೆಸರನ್ನೂ ಕೊಡಬಾರದು. ಗುಂಪು ವಾರವಾರವೂ ಬದಲಾಗುತ್ತಿದ್ದರೆ, ಗಣಿತದಲ್ಲಿ ಮೊದಲ ಗುಂಪಿನಲ್ಲಿದ್ದ ಮಗು ಭಾಷೆಯಲ್ಲಿ ಮೂರನೆಯದರಲ್ಲಿ ಕುಳಿತರೆ, ಮಕ್ಕಳು ಅದನ್ನು ಆ ದಿನದ ಕೆಲಸವೆಂದಷ್ಟೇ ತಿಳಿಯುತ್ತಾರೆ.

ಪ್ರತಿದಿನ ತಪ್ಪದೆ ನಡೆಯಬೇಕಾದವು

ಯಾವ ದಿನವಾದರೂ ಎರಡು ಕೆಲಸಗಳನ್ನು ಬಿಡುವಂತಿಲ್ಲ. ಒಂದು, ಶಿಕ್ಷಕರು ಹದಿನೈದು ನಿಮಿಷ ಕಥೆಯನ್ನು ಗಟ್ಟಿಯಾಗಿ ಓದುವುದು. ಅದಕ್ಕೆ ಪ್ರಶ್ನೋತ್ತರ ಬೇಡ, ಕೇಳುವ ಸುಖವಿದ್ದರೆ ಸಾಕು. ಇನ್ನೊಂದು, ಬೆಳಿಗ್ಗೆ ಐದು ನಿಮಿಷ ಪುಸ್ತಕ ಮುಚ್ಚಿಟ್ಟು ಹಿಂದೆ ಕಲಿತದ್ದನ್ನು ನೆನಪಿಸಿಕೊಂಡು ಬರೆಯುವುದು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಅವರು ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾವೇ ಕಂಠಪಾಠ ಮಾಡಿ ನಡೆಸಿದ ಪ್ರಯೋಗಗಳನ್ನು 1885ರಲ್ಲಿ ಪ್ರಕಟಿಸಿದರು. ಮರೆವಿನ ದೊಡ್ಡ ಪಾಲು ಮೊದಲ ಒಂದು ದಿನದೊಳಗೇ ನಡೆಯುತ್ತದೆಂದು ಅವುಗಳಿಂದ ತಿಳಿದುಬಂತು. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ನೋಡದೆ ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರ ಅವರನ್ನು ಹಿಂದೆ ಹಾಕಿದರು. ಚಿಕ್ಕ ಮಕ್ಕಳಿಗೆ ಇದನ್ನು ಪರೀಕ್ಷೆಯ ಭಯವಿಲ್ಲದೆ, ಸ್ಲೇಟಿನ ಮೇಲೆ ಬರೆದು ಎತ್ತಿ ತೋರಿಸುವ ಆಟದಂತೆ ಮಾಡಿಸಬಹುದು.

ಮನೆಗೆಲಸ ದಿನಕ್ಕೆ ಹತ್ತು ಹದಿನೈದು ನಿಮಿಷ ಮೀರಬಾರದು, ಹೊಸ ಪಾಠವನ್ನಂತೂ ಮನೆಗೆ ಕಳಿಸಲೇಬಾರದು.

ಶುಕ್ರವಾರ: ತೋರಿಸುವುದು, ದಾಖಲಿಸುವುದು

ಶುಕ್ರವಾರ ಮಕ್ಕಳು ನಾಲ್ಕೂ ಲೋಟಗಳನ್ನು ಒಂದೆಡೆ ಇಟ್ಟು, ಮೊಳೆತ ಕಾಳುಗಳನ್ನು ಎಣಿಸಿ, ಅಳತೆಪಟ್ಟಿಯಿಂದ ಮೊಳಕೆಯ ಉದ್ದ ಅಳೆದು, ಚೌಕುಳಿ ಹಾಳೆಯ ಮೇಲೆ ಸ್ತಂಭನಕ್ಷೆ ಬಿಡಿಸಲಿ. ನಂತರ ಸೋಮವಾರದ ಊಹೆಯ ಕೆಳಗೆ ‘ನಾನು ಹೀಗೆ ಎಣಿಸಿದ್ದೆ, ಹೀಗಾಯಿತು, ಏಕೆಂದರೆ’ ಎಂದು ಮೂರು ವಾಕ್ಯ ಬರೆಯಲಿ. ತಪ್ಪಾದ ಊಹೆಯನ್ನು ಅಳಿಸಲು ಬಿಡಬೇಡಿ. ಎಂಟು ಪದಗಳ ಉಕ್ತಲೇಖನ ಮುಗಿದ ಮೇಲೆ ಮಕ್ಕಳೇ ಕಪ್ಪುಹಲಗೆ ನೋಡಿ ತಿದ್ದಿಕೊಳ್ಳಬಹುದು. ಪೋಷಕರಿಗೆ ಕಳಿಸುವ ಟಿಪ್ಪಣಿಯಲ್ಲಿ ಅಂಕದ ಬದಲು ಮಗುವನ್ನು ಕೇಳಬಹುದಾದ ಒಂದು ಪ್ರಶ್ನೆಯಿರಲಿ: ‘ಕಪಾಟಿನಲ್ಲಿಟ್ಟ ಲೋಟದಲ್ಲಿ ಏನಾಯಿತು?’

ಮಕ್ಕಳು ಹೊರಟ ಮೇಲೆ ಹತ್ತು ನಿಮಿಷ ಕುಳಿತು, ಗುರಿ ತಲುಪದ ಮಕ್ಕಳ ಹೆಸರುಗಳನ್ನೂ ಅವರು ಎಡವಿದ ಜಾಗವನ್ನೂ ದಿನಚರಿಯಲ್ಲಿ ಬರೆದಿಡಿ. ಸೋಮವಾರ ಬೆಳಗಿನ ಐದು ನಿಮಿಷಗಳಿಗೆ ಈ ವಾರದಿಂದ ಒಂದು, ಮೂರು ವಾರಗಳ ಹಿಂದಿನ ಪಾಠದಿಂದ ಒಂದು ಪ್ರಶ್ನೆಯನ್ನು ಆಗಲೇ ಆರಿಸಿ, ಚೀಟಿಯಲ್ಲಿ ಬರೆದು ಮೇಜಿನ ಡಬ್ಬಿಗೆ ಹಾಕಿಡಿ.